ಶಿಷ್ಯಹಸ್ತದ ಓಲೆಗಳು ಮತ್ತು ಗಡಿನಾಡಿನ ಓದುಗರು

ಗುರುವು ನುಡಿದುದನ್ನು ಶಿಷ್ಯನು ಬರೆದಿಡುವುದು ಲೋಕದ ಅನೇಕ ವಿದ್ಯಾಪರಂಪರೆಗಳಲ್ಲಿ ಕಂಡುಬರುವ ಸಂಗತಿಯಾಗಿದೆ. ಯೆಹೂದ್ಯರ ತಾಲ್ಮೂದ್ ಎಂಬ ಶಾಸ್ತ್ರಸಂಗ್ರಹಕ್ಕೆ ಫ್ರಾನ್ಸ್ ದೇಶದ ತ್ರುವಾ ನಗರದ ರಾಶಿ (1040–1105) ಎಂಬ ಪಂಡಿತನು ವ್ಯಾಖ್ಯಾನವನ್ನು ಬರೆದನು. ಅದರಲ್ಲಿ ‘ಬಾವಾ ಬಾತ್ರಾ’ ಎಂಬ ಭಾಗದ ವ್ಯಾಖ್ಯಾನವು ಅರ್ಧಕ್ಕೆ ನಿಂತಾಗ ಅವನ ಮೊಮ್ಮಗನೂ ಶಿಷ್ಯನೂ ಆದ ರಷ್‌ಬಾಮನು ಅದನ್ನು ಪೂರ್ತಿಗೊಳಿಸಿದನು. ಇಂದಿಗೂ ತಾಲ್ಮೂದಿನ ಅಚ್ಚಿನ ಪುಟದಲ್ಲಿ ಮೂಲವು ನಡುವೆಯೂ, ರಾಶಿಯ ವ್ಯಾಖ್ಯಾನವು ಒಂದು ಬದಿಗೂ, ಆತನ ಶಿಷ್ಯಪರಂಪರೆಯ ಟಿಪ್ಪಣಿಗಳು ಇನ್ನೊಂದು ಬದಿಗೂ ಇರುತ್ತವೆ. ಶಿಷ್ಯರ ಕೈಬರಹವಿಲ್ಲದಿದ್ದರೆ ಆ ಪುಟವೇ ಇರುತ್ತಿರಲಿಲ್ಲ. ಇಂಥದೇ ಶಿಷ್ಯಹಸ್ತದ ನಿಧಿಯೊಂದು ನಮ್ಮ ತುಳುನಾಡಿನಲ್ಲಿಯೂ ಇದೆ. ಅದರ ಪರಿಚಯವನ್ನು ಮಾಡಿಕೊಟ್ಟು, ಅದರ ಲಿಪಿಯ ವಿಷಯದಲ್ಲಿ ಗಡಿನಾಡಿನ ಅಧ್ಯಾಪಕರಿಗಿರುವ ವಿಶೇಷ ಅನುಕೂಲವನ್ನು ಸೂಚಿಸುವುದೇ ಈ ಲೇಖನದ ಉದ್ದೇಶ.

ವರ್ಕಾಡಿಯಲ್ಲಿ ನಿಂತು ನೋಡಿದರೆ ಉತ್ತರಕ್ಕೆ ಉಡುಪಿ, ದಕ್ಷಿಣಕ್ಕೆ ಕುಂಬಳೆ ಮತ್ತು ಕೂಡ್ಲು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಇವು ಎರಡು ರಾಜ್ಯಗಳಿಗೆ ಸೇರಿದವು. ಆದರೆ ಹದಿಮೂರನೆಯ ಶತಮಾನದ ವಿದ್ಯಾಲೋಕಕ್ಕೆ ಈ ಗೆರೆಯೆಲ್ಲಿಯದು? ಮಧ್ವಾಚಾರ್ಯರು (1238–1317) ಉಡುಪಿಯವರು. ಅವರ ಭಾಷ್ಯಕ್ಕೆ ಟೀಕೆ ಬರೆದ ಶಿಷ್ಯ ತ್ರಿವಿಕ್ರಮ ಪಂಡಿತಾಚಾರ್ಯರು ಕಾಸರಗೋಡಿನ ಪರಿಸರದವರು. ತ್ರಿವಿಕ್ರಮರ ಮಗ ನಾರಾಯಣ ಪಂಡಿತಾಚಾರ್ಯರು ‘ಸುಮಧ್ವವಿಜಯ’ವೆಂಬ ಹದಿನಾರು ಸರ್ಗಗಳ ಕಾವ್ಯದಲ್ಲಿ ಈ ವೃತ್ತಾಂತವನ್ನು ವರ್ಣಿಸಿದ್ದಾರೆ. ಕುಂಬಳೆಯ ಅರಸನಾದ ಜಯಸಿಂಹನ ಸೀಮೆಯಲ್ಲಿ ಹಲವು ದಿನ ನಡೆದ ವಾದದ ಕೊನೆಯಲ್ಲಿ ತ್ರಿವಿಕ್ರಮರು ಆಚಾರ್ಯರ ಶಿಷ್ಯರಾದರು. ಗುರುವಿನ ಅಪ್ಪಣೆಯಂತೆ ಬ್ರಹ್ಮಸೂತ್ರಭಾಷ್ಯಕ್ಕೆ ‘ತತ್ತ್ವಪ್ರದೀಪ’ವೆಂಬ ಟೀಕೆಯನ್ನು ಬರೆದರು. ಭಾಷ್ಯದ ಅರ್ಥವನ್ನು ಇನ್ನೂ ವಿಸ್ತರಿಸಬೇಕೆಂಬ ಅವರ ಪ್ರಾರ್ಥನೆಯಿಂದ ಗುರುಗಳು ‘ಅನುವ್ಯಾಖ್ಯಾನ’ವನ್ನು ರಚಿಸಿದರು. ಅದರ ನಾಲ್ಕು ಅಧ್ಯಾಯಗಳನ್ನು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ ಹೇಳಿ ಬರೆಸಿದರೆಂದು ಕಾವ್ಯವು ಹೇಳುತ್ತದೆ. ಇದರಲ್ಲಿ ಕವಿಯ ಭಕ್ತಿಯ ಪಾಲೆಷ್ಟೇ ಇರಲಿ, ಗುರು ನುಡಿಯುವುದು, ಶಿಷ್ಯ ಓಲೆಯ ಮೇಲೆ ಕೊರೆಯುವುದು ಎಂಬ ಅಂದಿನ ಪದ್ಧತಿಯಂತೂ ಇದರಿಂದ ಸ್ಪಷ್ಟವಾಗುತ್ತದೆ.

ಅಂದು ಗ್ರಂಥಗಳ ಬೆಲೆಯೆಷ್ಟಿತ್ತೆಂಬುದಕ್ಕೆ ಅದೇ ಕಾವ್ಯದಲ್ಲಿ ಇನ್ನೊಂದು ಸಾಕ್ಷಿಯಿದೆ. ಆಚಾರ್ಯರ ಪುಸ್ತಕಸಂಗ್ರಹವು ತ್ರಿವಿಕ್ರಮರ ತಮ್ಮ ಶಂಕರಾಚಾರ್ಯರ ವಶದಲ್ಲಿತ್ತು. ಎದುರಾಳಿಗಳು ಅದನ್ನು ಅಪಹರಿಸಿದರು; ಜಯಸಿಂಹನ ಮೂಲಕ ಅದು ಹಿಂದಿರುಗಿತು. ಒಂದು ಪುಸ್ತಕಭಂಡಾರಕ್ಕಾಗಿ ಅರಸನೇ ನಡುವೆ ಬರಬೇಕಾದ ಪ್ರಸಂಗವು ನಮ್ಮ ಸೀಮೆಯಲ್ಲಿಯೇ ನಡೆದುದೆಂಬುದನ್ನು ನಾವು ಮಕ್ಕಳಿಗೆ ಹೇಳಬೇಕಾಗಿದೆ.

ಇನ್ನು ಮುಖ್ಯವಾದ ಹಸ್ತಪ್ರತಿಯ ವಿಚಾರ. ಆಚಾರ್ಯರ ನೇರ ಶಿಷ್ಯರೂ ಪಲಿಮಾರು ಮಠದ ಮೊದಲ ಯತಿಗಳೂ ಆದ ಹೃಷೀಕೇಶತೀರ್ಥರು ಗುರುಗಳ ಕೃತಿಗಳನ್ನೆಲ್ಲ ತಾಳೆಗರಿಯಲ್ಲಿ ಬರೆದರೆಂದು ಪರಂಪರೆಯು ಹೇಳುತ್ತದೆ. ಈ ‘ಸರ್ವಮೂಲ’ದ ಪ್ರತಿಯು ಪಲಿಮಾರು ಮಠದಲ್ಲಿ ಉಳಿದು ಬಂದಿದೆ. ಭಾಷೆ ಸಂಸ್ಕೃತ, ಲಿಪಿ ತುಳು. ಬನ್ನಂಜೆ ಗೋವಿಂದಾಚಾರ್ಯರು (1936–2020) ಇದನ್ನು ಆಧಾರವಾಗಿಟ್ಟುಕೊಂಡು ಸರ್ವಮೂಲವನ್ನು ಐದು ಸಂಪುಟಗಳಲ್ಲಿ ಸಂಪಾದಿಸಿದರು. ಆಗ ಅದುವರೆಗಿನ ಅಚ್ಚಿನ ಪಾಠಕ್ಕೂ ಓಲೆಯ ಪಾಠಕ್ಕೂ ಎಷ್ಟೋ ಕಡೆ ಭೇದವಿರುವುದು ಬೆಳಕಿಗೆ ಬಂತು.

ಭೇದವು ಹುಟ್ಟುವುದು ಹೇಗೆ? ಓಲೆಯಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಸಾಲುಗಳು ಎಡೆಬಿಡದೆ ಸಾಗುತ್ತವೆ. ನಕಲು ಮಾಡುವವನು ಒಂದೇ ಪದವು ಎರಡು ಕಡೆ ಬಂದಾಗ ನಡುವಿನದನ್ನು ಕಣ್ತಪ್ಪಿ ಬಿಡಬಹುದು. ಒಂದನ್ನೊಂದು ಹೋಲುವ ಅಕ್ಷರಗಳನ್ನು ಅದಲುಬದಲು ಮಾಡಬಹುದು. ಅಂಚಿನ ಟಿಪ್ಪಣಿಯನ್ನು ಮೂಲದೊಳಗೆ ಸೇರಿಸಬಹುದು. ನಕಲಿನ ನಕಲಿನಲ್ಲಿ ಈ ತಪ್ಪುಗಳು ಬೆಳೆಯುತ್ತವೆ. ಜನರು ಗ್ರಂಥಗಳಲ್ಲಿ ಕೆಲವನ್ನು ಸೇರಿಸುತ್ತಾರೆ, ಕೆಲವನ್ನು ಬಿಡುತ್ತಾರೆ, ಕೆಲವನ್ನು ಸ್ಥಾನಪಲ್ಲಟಗೊಳಿಸುತ್ತಾರೆ ಎಂದು ಮಧ್ವಾಚಾರ್ಯರೇ ‘ಮಹಾಭಾರತ ತಾತ್ಪರ್ಯನಿರ್ಣಯ’ದಲ್ಲಿ ಎಚ್ಚರಿಸಿದ್ದಾರೆ. ಆದುದರಿಂದಲೇ ಗುರುವಿನ ಬಾಯಿಗೆ ಹತ್ತಿರವಾದ ಕೈಬರಹಕ್ಕೆ ಅಷ್ಟು ಮಹತ್ವ.

2006ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ವಿದ್ಯಾಸಂಸ್ಥೆಯ ತಜ್ಞರು ಉಡುಪಿಗೆ ಬಂದು, ಸುಮಾರು 700 ವರ್ಷ ಹಳೆಯದಾದ ಸರ್ವಮೂಲದ ಗರಿಗಳ ಚಿತ್ರಗಳನ್ನು ತೆಗೆದರು. ಕಪ್ಪಾದ ಗರಿಯಲ್ಲಿ ಕಣ್ಣಿಗೆ ಕಾಣದ ಅಕ್ಷರಗಳನ್ನು ಅವಕೆಂಪು ಕಿರಣಗಳ ಸಹಾಯದಿಂದ ಎತ್ತಿ ತೋರಿಸುವ ಕ್ರಮವಿದು. ಗರಿಯ ಚಿತ್ರವನ್ನು ಯಂತ್ರವು ಉಳಿಸೀತು. ಓದುವವರನ್ನು ಮಾತ್ರ ಅದು ಒದಗಿಸಲಾರದು.

ಇಲ್ಲಿಯೇ ಗಡಿನಾಡಿನ ಪಾತ್ರವಿದೆ. ಮಲೆನಾಡಿನಲ್ಲಿ ತಿಗಳಾರಿ ಎನಿಸಿಕೊಂಡ ಈ ತುಳು ಲಿಪಿಯು ಗ್ರಂಥಲಿಪಿಯಿಂದ ಬಂದುದು. ಮಲಯಾಳ ಲಿಪಿಗೆ ತೀರ ಹತ್ತಿರದ ನಂಟಸ್ತಿಕೆಯುಳ್ಳದು. ಕನ್ನಡ ಮಾತ್ರ ಬಲ್ಲವನಿಗೆ ಓಲೆಯ ಅಕ್ಷರಗಳು ಅಪರಿಚಿತವಾಗಿ ತೋರುತ್ತವೆ. ಆದರೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಫಲಕದಲ್ಲಿ ಮಲಯಾಳ ಎಂದು ಮೂರರೊಳಗೆ ಬೆಳೆದ ನಮ್ಮವರಿಗೆ ಅರ್ಧದಾರಿ ಆಗಲೇ ಸವೆದಿರುತ್ತದೆ. ಹೊರೆಯೆಂದು ನಾವು ಗೊಣಗುವ ಆ ಮಲಯಾಳದ ಅಕ್ಷರಜ್ಞಾನವೇ ಇಲ್ಲಿ ಕೀಲಿಕೈಯಾಗುತ್ತದೆ. ಕಾಸರಗೋಡಿನ ಅಧ್ಯಾಪಕರಾಗಿದ್ದ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು (1936–2012) ಹೀಗೆಯೇ ಓಲೆಗಳನ್ನು ಹುಡುಕಿ ಓದಿ, ವಿಷ್ಣುತುಂಗನ ‘ತುಳು ಭಾಗವತೊ’ ಮೊದಲಾದ ಕಾವ್ಯಗಳನ್ನು ಬೆಳಕಿಗೆ ತಂದರು. ತುಳುವಿಗೆ ಹಳೆಯ ಕಾವ್ಯವಿಲ್ಲವೆಂಬ ಮಾತು ಅದರಿಂದ ಬಿದ್ದುಹೋಯಿತು. 2024ರಲ್ಲಿ ಈ ಲಿಪಿಗೆ ಗಣಕಯಂತ್ರದ ಯೂನಿಕೋಡಿನಲ್ಲಿಯೂ ಸ್ಥಾನ ದೊರೆತಿದೆ.

ಹಳೆಯ ಮನೆಗಳ ಅಟ್ಟದ ಮೇಲೆ, ದೇವರ ಕೋಣೆಯಲ್ಲಿ ಓಲೆಯ ಕಟ್ಟುಗಳು ಇನ್ನೂ ಇರಬಹುದು. ಮಳೆಗಾಲದ ತೇವ, ಹುಳು ಮತ್ತು ಗೆದ್ದಲು ಅವಕ್ಕೆ ಶತ್ರುಗಳು. ಪೂಜೆಗೊಳ್ಳುವ ಕಟ್ಟನ್ನೂ ಹುಳು ಬಿಡುವುದಿಲ್ಲ. ಅಧ್ಯಾಪಕರು ಮಾಡಬಹುದಾದುದು ಇಷ್ಟು. ಮನೆಯವರ ಒಪ್ಪಿಗೆಯಿಂದ ಕಟ್ಟು ಎಲ್ಲಿದೆಯೆಂಬುದನ್ನು ಗುರುತು ಹಾಕಿಕೊಳ್ಳಬೇಕು. ಗರಿಗಳ ಕ್ರಮವನ್ನು ಕೆಡಿಸದೆ ಎರಡೂ ಬದಿಗಳ ಚಿತ್ರವನ್ನು ತೆಗೆಯಬೇಕು. ಕೊನೆಯ ಗರಿಯನ್ನು ಮೊದಲು ನೋಡಬೇಕು. ಬರೆದವನ ಹೆಸರೂ ಕಾಲವೂ ಇರುವುದಾದರೆ ಬಹುಮಟ್ಟಿಗೆ ಅಲ್ಲಿಯೇ. ಅರಿಯದವರು ಎಣ್ಣೆ ಹಚ್ಚುವುದಾಗಲಿ, ಅಂಟು ಹಾಕುವುದಾಗಲಿ ಸಲ್ಲದು. ಅದನ್ನು ತಜ್ಞರಿಗೆ ಬಿಡಬೇಕು. ಕಟ್ಟು ಮನೆಯವರಲ್ಲಿಯೇ ಉಳಿಯಲಿ, ಚಿತ್ರ ಮಾತ್ರ ಓದುವವರಿಗೆ ದೊರೆಯಲಿ.

ಇದೆಲ್ಲಕ್ಕಿಂತ ಮೊದಲಿನ ಕೆಲಸವೆಂದರೆ ಲಿಪಿಯನ್ನು ಕಲಿಯುವುದು. ಪ್ರತಿ ಶಾಲೆಯಿಂದ ಒಬ್ಬ ಅಧ್ಯಾಪಕರು ಕಲಿತರೂ ಸಾಕು, ಮುಂದಿನ ತಲೆಮಾರಿಗೆ ದಾರಿಯಾಗುತ್ತದೆ. ಹೃಷೀಕೇಶತೀರ್ಥರು ತಮ್ಮ ಗುರುವಿಗಾಗಿ ಕಂಟವನ್ನು ಹಿಡಿದರು. ಅವರು ಕೊರೆದ ಅಕ್ಷರವನ್ನು ಓದಬಲ್ಲ ಕಣ್ಣು ಈ ಸೀಮೆಯಲ್ಲಿ ಇಲ್ಲವಾಗದಂತೆ ನೋಡಿಕೊಳ್ಳುವುದು ಅಧ್ಯಾಪಕರಾದ ನಮ್ಮ ಪಾಲಿಗೆ ಬಂದ ಶಿಷ್ಯಧರ್ಮವೆಂದು ನಾವು ಭಾವಿಸುತ್ತೇವೆ.