ಮೀನನ್ನು ನೋಯಿಸದೆಯೂ ವಿಜ್ಞಾನ ಕಲಿಯಬಹುದು

ದೀಪಾವಳಿ ರಜೆ ಮುಗಿಯುತ್ತಿದ್ದಂತೆ ಮುಂಬಯಿ, ಠಾಣೆ, ಡೊಂಬಿವಲಿ ಪರಿಸರದ ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನದ ತಯಾರಿ ಆರಂಭವಾಗುತ್ತದೆ. ‘ಪ್ರಾಜೆಕ್ಟ್’ ಎಂದೊಡನೆ ಹಲವು ಮಕ್ಕಳಿಗೆ ನೆನಪಾಗುವುದು ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸಿಗುವ ಬಣ್ಣದ ಮೀನು. ಬೆಲೆ ಕಡಿಮೆ, ಕೂಗುವುದಿಲ್ಲ, ಸತ್ತರೆ ಕೇಳುವವರೂ ಇಲ್ಲ.

ಕಳೆದ ವರ್ಷ ನಮ್ಮ ಕಟ್ಟಡದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೂರು ಗಾಜಿನ ಭರಣಿಗಳ ಚಿತ್ರ ಬರೆದು ತಂದಿದ್ದಳು. ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಸಾಬೂನು ನೀರು, ಮೂರನೆಯದರಲ್ಲಿ ವಿನೆಗರ್. ಯಾವ ಮೀನು ಮೊದಲು ಸಾಯುತ್ತದೆ ಎಂದು ನೋಡುವುದೇ ಪ್ರಯೋಗ. “ಅಂಕಲ್, ಮೀನಿಗೆ ನೋವಾಗುತ್ತದಾ?” ಎಂದು ಕೊನೆಗೆ ಅವಳೇ ಕೇಳಿದಳು.

ನಾನು ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಓದಿದವನು, ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಹುಡುಕಿ ಓದಿದೆ. ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವಿಗೆ ಸ್ಪಂದಿಸುವ ನರತುದಿಗಳಿವೆ ಎಂದು 2003ರಲ್ಲೇ ಬ್ರಿಟನ್ನಿನ ಸಂಶೋಧಕರು ತೋರಿಸಿದ್ದಾರೆ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನ ಹೊರತಾದ ಎಲ್ಲ ಜೀವಿಗಳೂ ‘ಪ್ರಾಣಿ’ಗಳೇ. ಮೀನು ಅದರಿಂದ ಹೊರಗಿಲ್ಲ.

ಹಾಗಾದರೆ ಏನು ಮಾಡಬಹುದು? ಸುಲಭದ ಕೆಲವು ಪ್ರಯೋಗಗಳು ಇಲ್ಲಿವೆ.

ಮೊದಲನೆಯದು, ಉಸಿರಾಟದ ಲೆಕ್ಕ. ಮೀನಿನ ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಬಾರಿ ತೆರೆದು ಮುಚ್ಚುತ್ತದೆ ಎಂದು ಬೆಳಿಗ್ಗೆ ಆರಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ಎಣಿಸಬೇಕು, ಜೊತೆಗೆ ನೀರಿನ ಉಷ್ಣತೆಯನ್ನೂ ಬರೆದಿಡಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ನೀರು ಬೆಚ್ಚಗಾದಂತೆ ಮೀನಿಗೆ ಹೆಚ್ಚು ಆಮ್ಲಜನಕ ಬೇಕು, ಸಿಗುವುದು ಕಡಿಮೆ, ಆದ್ದರಿಂದ ಉಸಿರಾಟ ಚುರುಕಾಗುತ್ತದೆ. ನೀರನ್ನು ಕಾಯಿಸುವುದಾಗಲಿ, ಐಸ್ ಹಾಕುವುದಾಗಲಿ ಬೇಡ. ಬಿಸಿಲೇ ಆ ಕೆಲಸ ಮಾಡುತ್ತದೆ. ನಮ್ಮ ಹುಡುಗಿ ಕೊನೆಗೆ ಇದನ್ನೇ ಮಾಡಿದಳು. ಬ್ಯಾಂಕಿನ ಲೆಡ್ಜರಿನಂತೆ ತಾರೀಕು, ಉಷ್ಣತೆ, ಎಣಿಕೆ ಎಂದು ಮೂರು ಕಾಲಂ ಎಳೆದುಕೊಟ್ಟದ್ದಷ್ಟೇ ನನ್ನ ಪಾಲು. ಬಹುಮಾನ ಬರಲಿಲ್ಲ, ಮೀನುಗಳು ಮಾತ್ರ ಈಗಲೂ ಅವರ ಮನೆಯಲ್ಲಿವೆ.

ಎರಡನೆಯದು, ಮೀನಿನ ಕಲಿಕೆ. ಆಹಾರ ಹಾಕುವ ಮೊದಲು ದಿನವೂ ಒಂದು ಕೆಂಪು ಕಾರ್ಡನ್ನು ಗಾಜಿನ ಹೊರಗೆ ಹಿಡಿಯಿರಿ. ಕೆಲವು ವಾರಗಳಲ್ಲಿ ಕಾರ್ಡ್ ಕಂಡೊಡನೆ ಮೀನು ಎಷ್ಟು ಸೆಕೆಂಡಿನಲ್ಲಿ ಮೇಲೆ ಬರುತ್ತದೆ ಎಂದು ನೋಡಿ.

ಮೂರನೆಯದು, ನೀರಿನ ಪರೀಕ್ಷೆ. ಮೀನಿನ ತ್ಯಾಜ್ಯದಿಂದ ಅಮೋನಿಯ ಹುಟ್ಟುತ್ತದೆ. ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟನ್ನು ಗಿಡ ಹೀರಿಕೊಳ್ಳುತ್ತದೆ. ಅಕ್ವೇರಿಯಂ ಅಂಗಡಿಯ ಟೆಸ್ಟ್ ಕಿಟ್ಟಿನಿಂದ ಈ ಚಕ್ರವನ್ನು ವಾರವಾರ ಅಳೆಯಬಹುದು.

ಸಾಬೂನಿನ ಪ್ರಯೋಗವೇ ಬೇಕೆಂದರೆ ಮೀನು ಬೇಕಾಗಿಯೇ ಇಲ್ಲ. ಬಟ್ಟಲಿನ ನೀರಿನ ಮೇಲೆ ಹೊಲಿಗೆ ಸೂಜಿಯನ್ನು ಮೆಲ್ಲಗೆ ತೇಲಿಬಿಟ್ಟು, ಒಂದು ಹನಿ ಸಾಬೂನು ನೀರು ಹಾಕಿ. ಸೂಜಿ ಮುಳುಗುತ್ತದೆ. ನೀರಿನ ಸ್ವಭಾವವನ್ನೇ ಬದಲಿಸುವ ಈ ಸಾಬೂನು ಮೀನಿನ ಕಿವಿರನ್ನೂ ಹಾಳುಮಾಡುತ್ತದೆ ಎಂದು ಪಕ್ಕದಲ್ಲಿ ಬರೆದರಾಯಿತು.

ಪೋಷಕರು ಗಮನಿಸಬೇಕಾದ ಮಾತು: ದುಂಡು ಬಟ್ಟಲು ಬೇಡ, ಒಂದೆರಡು ಗಪ್ಪಿಗಳಿಗೂ 20 ಲೀಟರ್ ತೊಟ್ಟಿ ಇರಲಿ. ನಲ್ಲಿ ನೀರಿನ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಪ್ರದರ್ಶನ ಮುಗಿದ ಮೇಲೆ ಮೀನನ್ನು ಪೊವಾಯಿ ಕೆರೆಗೋ ನಾಲೆಗೋ ಬಿಡಬೇಡಿ. ಗಪ್ಪಿ ದಕ್ಷಿಣ ಅಮೆರಿಕ ಮೂಲದ್ದು, ನಮ್ಮ ಕೆರೆಗಳ ಮೀನುಗಳಿಗೆ ಅದರಿಂದ ತೊಂದರೆ. ಸಾಕುವವರಿಗೆ ಕೊಡಿ.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ, ಮಂಡಕ್ಕಿ ಹಾಕಿ ಬೆಳೆದವರು ನಾವು. 1996ರಲ್ಲಿ ಶಿಶಿಲದ ಹೊಳೆಗೆ ವಿಷ ಬೆರೆಸಿ ಮೀನುಗಳನ್ನು ಕೊಂದಾಗ ಊರವರು ಅವುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಆ ಮಮತೆ ನಮ್ಮ ಮಕ್ಕಳ ಪ್ರಯೋಗದ ಪುಸ್ತಕಕ್ಕೂ ಬರಬೇಕು. ಪ್ರತಿವರ್ಷ ಪ್ರತಿಭಾ ಪುರಸ್ಕಾರ ನೀಡುವ ನಮ್ಮ ಸಂಘ-ಸಂಸ್ಥೆಗಳು ಅಂಕಪಟ್ಟಿಯ ಜೊತೆಗೆ, ಜೀವಕ್ಕೆ ನೋವು ಕೊಡದೆ ಮಾಡಿದ ಒಂದು ಒಳ್ಳೆಯ ವಿಜ್ಞಾನ ಪ್ರಯೋಗಕ್ಕೂ ಬಹುಮಾನ ಇಟ್ಟರೆ ಹೇಗೆ? ಪದಾಧಿಕಾರಿಗಳು ಮುಂದಿನ ಸಭೆಯಲ್ಲಿ ಯೋಚಿಸಲಿ.