ಹಲಗೆಯ ಮೇಲಣ ಓಟ

ಕಳೆದ ವರ್ಷ ಹತ್ತನೆಯ ತರಗತಿಯಲ್ಲಿ ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಹಲಗೆಗಳ ಚಿತ್ರವನ್ನು ನಾನು ತೋರಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ನಮ್ಮ ಅಪ್ಪ ಕಂಬಳಕ್ಕೆ ಮಾಡುವ ಹಲಗೆಯೂ ಹೀಗೆಯೇ ಅಲ್ಲವೋ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಆ ವಾರವೆಲ್ಲ ಆಕೆ ಬಾಯಿ ತೆರೆಯಲಿಲ್ಲ. ಆದುದರಿಂದ ಅಂದೇ ಕೊಡಬೇಕಾಗಿದ್ದ ಉತ್ತರವನ್ನು ಹಳೆವಿದ್ಯಾರ್ಥಿನಿಯರ ಮತ್ತು ಹೆತ್ತವರ ಮುಂದೆ ಇಡುತ್ತೇನೆ.

ಪಂದ್ಯದ ಸ್ಕೀಯು ಒಂದೇ ಮರದ ತುಂಡಲ್ಲ. ನಡುವೆ ಹಗುರವಾದ ಮರ, ಅದರ ಮೇಲೂ ಕೆಳಗೂ ಅಲ್ಯೂಮಿನಿಯಮ್ ತಗಡು ಮತ್ತು ಗಾಜಿನ ನಾರಿನ ಬಟ್ಟೆ. ಇವುಗಳನ್ನು ಅಂಟುರಾಳದಿಂದ ಕೂಡಿಸಿ ಅಚ್ಚಿನಲ್ಲಿ ಒತ್ತಿ ಗಟ್ಟಿಯಾಗಲು ಬಿಡುತ್ತಾರೆ. ಮನೆಯಲ್ಲಿಯೇ ಇದನ್ನು ಮಾಡಿಕೊಳ್ಳುವ ಹವ್ಯಾಸಿಗಳೂ ಉಂಟು. ಬಲವಾದ ಪದರಗಳನ್ನು ಹೊರಗಿಡುವುದೇಕೆ? ಯಾಕಂದರೆ ಹಲಗೆ ಬಾಗುವಾಗ ಒಂದು ಮೈ ಎಳೆಯಲ್ಪಡುತ್ತದೆ, ಎದುರಿನ ಮೈ ಕುಗ್ಗುತ್ತದೆ; ನಡುಭಾಗಕ್ಕೆ ಈ ಕಷ್ಟ ಬಲು ಸ್ವಲ್ಪ. ತಗಡು ಭಾರವಾದರೂ ವೇಗದಲ್ಲಿ ಉಂಟಾಗುವ ನಡುಕವನ್ನು ತಗ್ಗಿಸುತ್ತದೆ.

ನಮ್ಮ ಕಂಬಳದ ಹಲಗೆಗೆ ಬಾಗುವ ಕೆಲಸವಿಲ್ಲ. ಅಲ್ಲಿ ಎಳೆಯುವುದು ಇಳಿಜಾರಲ್ಲ, ಕೋಣಗಳು. ಮೂಡಬಿದರೆಯ ಕಡಲಕೆರೆ, ಬೆಳ್ತಂಗಡಿ ತಾಲೂಕಿನ ವೇಣೂರು, ಬಂಟವಾಳ ಕಡೆಯ ಹೊಕ್ಕಾಡಿಗೋಳಿ, ಇಲ್ಲಿಯ ಜೋಡುಕರೆಗಳನ್ನು ಕಂಡವರಿಗೆ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳು ಗೊತ್ತೇ ಇವೆ. ಇವುಗಳಲ್ಲಿ ನನಗೆ ಅತ್ಯಂತ ಸೊಗಸಾಗಿ ತೋರುವುದು ಕನೆಹಲಗೆ. ಓಡಿಸುವವನು ಆ ಸಣ್ಣ ಮರದ ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ. ಕೋಣಗಳು ಧಾವಿಸಿದಂತೆ ಕೆಸರುನೀರು ಹಲಗೆಯ ತೂತುಗಳ ಮೂಲಕ ಕಾರಂಜಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಯ ನಿಶಾನೆಯನ್ನು, ಅಂದರೆ 6½ ಕೋಲನ್ನೋ 7½ ಕೋಲನ್ನೋ, ಆ ನೀರು ಮುಟ್ಟಬೇಕು. ಮೊದಲು ಮುಟ್ಟಿದವರಾರೆಂಬ ಪ್ರಶ್ನೆ ಇಲ್ಲಿಲ್ಲ. ಆದರೂ ವೇಗ ಬೇಕೇ ಬೇಕು. ನಷ್ಟವನ್ನು ಲೆಕ್ಕಿಸದಿದ್ದರೆ, ಚಿಮ್ಮುವ ವೇಗ ಇಮ್ಮಡಿಯಾದಾಗ ನೀರಿನ ಎತ್ತರ ನಾಲ್ಮಡಿಯಾಗುತ್ತದೆ. ಪುಸ್ತಕದ ಈ ಸೂತ್ರವನ್ನು ಕಲಿಸಲು ನಾನು ಎಷ್ಟೋ ವರ್ಷ ಕಲ್ಲೆಸೆಯುವ ಉದಾಹರಣೆಯನ್ನೇ ಹೇಳುತ್ತಿದ್ದೆನು!

ವೇಗವೆಷ್ಟೆಂದು ಕೇಳುವಿರಾ? 2020ರ ಫೆಬ್ರವರಿ 1ರಂದು ಐಕಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಸೆಕೆಂಡಿಗೆ ಸುಮಾರು 10.5 ಮೀಟರ್. ಇವರನ್ನು ಉಸೇನ್ ಬೋಲ್ಟರಿಗೆ ಹೋಲಿಸಿದ್ದು ನನಗೆ ಒಪ್ಪಿಗೆಯಿಲ್ಲ, ಯಾಕಂದರೆ ಬೋಲ್ಟರನ್ನು ಕೋಣಗಳು ಎಳೆಯಲಿಲ್ಲ.

ಆ ಕೋಣಗಳ ಸಂಕಟದ ಮಾತನ್ನೂ ಮರೆಮಾಡಬಾರದು. 2014ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೆ ತಡೆಯುಂಟಾಯಿತು. 2017ರಲ್ಲಿ ರಾಜ್ಯವು ಕಾನೂನನ್ನು ತಿದ್ದಿತು. 2023ರ ಮೇ 18ರಂದು ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೂ ಬೆತ್ತದ ಏಟನ್ನು ಕಂಡಾಗ ನನ್ನ ಮನಸ್ಸು ಇಂದಿಗೂ ಅಳುಕುತ್ತದೆ.

ಇದನ್ನು ಬರೆಯುವ ಮುಂಚೆ ಆ ಹುಡುಗಿಯನ್ನು ಕರೆದು, ನಕ್ಕದ್ದು ನನ್ನ ತಪ್ಪೆಂದು ಹೇಳಿ, ಕರಿಹಲಗೆಯ ಮೇಲೆ ಕನೆಹಲಗೆಯ ಚಿತ್ರವನ್ನು ಬರೆದು ತೋರಿಸಿದೆನು. ಆಕೆ ಸ್ವಲ್ಪ ಹೊತ್ತು ನೋಡಿ, ತೂತುಗಳು ಬಲು ದೊಡ್ಡವಾದುವೆಂದು ಹೇಳಿ, ಸೀಮೆಸುಣ್ಣವನ್ನು ತೆಗೆದುಕೊಂಡು ತಾನೇ ತಿದ್ದಿದಳು.