ಸುಳ್ಳು ಹೇಳಲಾರದ ಗೂಢಚಾರಿಣಿ

ಗೂಢಚರ್ಯೆಗೆ ಸುಳ್ಳೇ ಬಂಡವಾಳ. ನೂರ್ ಇನಾಯತ್ ಖಾನ್ ಬಳಿ ಇಲ್ಲದಿದ್ದದ್ದು ಅದೇ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಹಸ್ಯ ಸಂಸ್ಥೆ ಎಸ್‌ಒಇ ಆಕೆಗೆ ತರಬೇತಿ ನೀಡಿದಾಗ, ಈ ಕೆಲಸಕ್ಕೆ ಆಕೆಯ ಸ್ವಭಾವ ಒಗ್ಗದು ಎಂದು ಕೆಲವು ಅಧಿಕಾರಿಗಳು ಷರಾ ಬರೆದರು. ಆದರೂ ಕಳುಹಿಸಿದರು. ರೇಡಿಯೊ ನಿರ್ವಾಹಕರ ಕೊರತೆ ಅಷ್ಟಿತ್ತು. ಆಕೆಯ ಫ್ರೆಂಚ್ ಅಷ್ಟು ಸಲೀಸಾಗಿತ್ತು.

1914ರಲ್ಲಿ ಮಾಸ್ಕೊದಲ್ಲಿ ಹುಟ್ಟಿದ ನೂರ್ ಬೆಳೆದದ್ದು ಪ್ಯಾರಿಸ್ಸಿನ ಬಳಿ. ತಂದೆ ಬರೋಡಾ ಮೂಲದ ಸೂಫಿ ಸಂಗೀತಗಾರ ಹಜರತ್ ಇನಾಯತ್ ಖಾನ್, ತಾಯಿ ಅಮೆರಿಕನ್. ವೀಣೆಯಂಥ ಹಾರ್ಪ್ ನುಡಿಸುತ್ತ, ಮಕ್ಕಳಿಗಾಗಿ ಜಾತಕ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದು 1939ರಲ್ಲಿ ಪ್ರಕಟಿಸಿದವಳು ಆಕೆ. ತಂದೆಯ ತಾಯಿಯ ಕಡೆಯಿಂದ ತಾವು ಟಿಪ್ಪು ಸುಲ್ತಾನನ ವಂಶದವರೆಂಬುದು ಕುಟುಂಬದವರ ಹೇಳಿಕೆ. ‘ರಾಜಕುಮಾರಿ ಗೂಢಚಾರಿಣಿ’ ಎಂಬ ಬಿರುದು ಬಂದದ್ದು ಹೀಗೆ. ಶ್ರೀರಂಗಪಟ್ಟಣದ ಈ ನಂಟು ನಮಗೆ ಹಿತವೆನಿಸುವುದು ಸಹಜ. ಆದರೆ ಬಿರುದಿನ ಹೊಳಪಿನಲ್ಲಿ ಲಂಡನ್ ಕಚೇರಿಯ ಹೊಣೆಗೇಡಿತನ ಮರೆಯಾಗಬಾರದು.

1943ರ ಜೂನ್‌ನಲ್ಲಿ ಪುಟ್ಟ ವಿಮಾನದಲ್ಲಿ ಫ್ರಾನ್ಸ್‌ಗೆ ಇಳಿದ ಕೆಲವೇ ದಿನಗಳಲ್ಲಿ ಆಕೆಯ ಜಾಲದ ಬಹುತೇಕರು ಸೆರೆಯಾದರು. ಮರಳಿ ಬರುವ ಅವಕಾಶವನ್ನು ನೂರ್ ನಿರಾಕರಿಸಿದಳು. ರೇಡಿಯೊ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಜಾಗ ಬದಲಿಸುತ್ತ, ಜರ್ಮನ್ನರ ಪತ್ತೆವಾಹನಗಳಿಗೆ ಸಿಗದೆ ಪ್ಯಾರಿಸ್ಸಿನಿಂದ ಸಂದೇಶ ರವಾನಿಸಿದಳು. ಅಕ್ಟೋಬರ್‌ನಲ್ಲಿ ಯಾರದೋ ದ್ರೋಹದಿಂದ ಸಿಕ್ಕಿಬಿದ್ದಳು. ವಿಚಾರಣೆಯಲ್ಲಿ ಸಹಚರರ ಸುಳಿವು ಕೊಡಲಿಲ್ಲ. ತಪ್ಪಿಸಿಕೊಳ್ಳಲು ಎರಡು ಬಾರಿ ಯತ್ನಿಸಿದಳು. ಬಳಿಕ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಸುಮಾರು ಹತ್ತು ತಿಂಗಳು ಏಕಾಂತವಾಸ, ಕೈಕಾಲಿಗೆ ಸಂಕೋಲೆ.

ಆಕೆಯದೂ ಒಂದು ತಪ್ಪಿತ್ತು. ಕಳುಹಿಸಿದ ಸಂದೇಶಗಳನ್ನು ಸುಡದೆ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದನ್ನು ಬಳಸಿ, ಆಕೆಯ ರೇಡಿಯೊದಿಂದಲೇ ಜರ್ಮನ್ನರು ಲಂಡನ್ನಿನೊಡನೆ ಮಾತಿಗಿಳಿದರು. ಆಕೆ ಸೆರೆಯಾಗಿದ್ದಾಳೆಂಬ ಎಚ್ಚರಿಕೆ ಲಂಡನ್ನಿಗೆ ತಲುಪಿದ್ದರೂ ಕಚೇರಿ ಅದಕ್ಕೆ ಬೆಲೆ ಕೊಡಲಿಲ್ಲ. ಅನನುಭವಿ ಯುವತಿಯ ತಪ್ಪನ್ನು ಕ್ಷಮಿಸಬಹುದು. ಮೇಜಿನ ಹಿಂದೆ ಕುಳಿತವರ ಈ ಉಪೇಕ್ಷೆಯನ್ನು ಕ್ಷಮಿಸುವುದು ಕಷ್ಟ. 1944ರ ಫೆಬ್ರುವರಿ ಕೊನೆಯಲ್ಲಿ ಇದೇ ನಕಲಿ ಸಂಪರ್ಕವನ್ನು ನಂಬಿ ಪ್ಯಾರಾಚೂಟ್‌ನಲ್ಲಿ ಇಳಿಸಿದ ಮೂವರು ನೇರವಾಗಿ ಜರ್ಮನ್ನರ ಕೈಸೇರಿದರು. ಅವರಲ್ಲೊಬ್ಬಳು ಮ್ಯಾಡ್ಲಿನ್ ಡಾಮರ್‌ಮಾಂ.

1944ರ ಸೆಪ್ಟೆಂಬರ್ 13ರಂದು ಡಾಹೌ ಶಿಬಿರದಲ್ಲಿ ನಾಲ್ವರು ಮಹಿಳೆಯರನ್ನು ಗುಂಡಿಕ್ಕಿ ಕೊಂದರು. ನೂರ್‌ಗೆ ಆಗ 30 ವರ್ಷ. 1949ರಲ್ಲಿ ಬ್ರಿಟನ್ ಆಕೆಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ನೀಡಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಪ್ರತಿಮೆಯೂ ನಿಂತಿತು. ಡಾಹೌನಲ್ಲಿ ಆಕೆಯೊಡನೆ ಸತ್ತ ಮೂವರಲ್ಲಿ ಮ್ಯಾಡ್ಲಿನ್ ಡಾಮರ್‌ಮಾಂ ಕೂಡ ಇದ್ದಳು.